‘ಲಾರ್ಸ್ ಅಂಡ್ ದ ರಿಯಲ್ ಗರ್ಲ್’ ಮನೆಯವರ ಜೊತೆ ಕೂತು ನೋಡುವಂಥ ಚಿತ್ರವೇ?

ಧಾರಾಳವಾಗಿ ನೋಡಿ. ಆನ್‌ಲೈನಲ್ಲಿ ತರಿಸಿಕೊಂಡ ಆಳೆತ್ತರದ ಗೊಂಬೆಯನ್ನು ‘ನನ್ನ ಹುಡುಗಿ’ ಎನ್ನುವವನ ಕಥೆಯಂತೆ, ಅಮ್ಮನ ಎದುರು ಮುಜುಗರ ಆಗುತ್ತದೋ ಏನೋ ಎಂದು ಕೇಳಿದ್ದೀರಿ. ನಾನೂ ಇದೇ ಅಳುಕಿನಿಂದ ಮೊದಲ ಸಲ ಅರ್ಧಕ್ಕೇ ನಿಲ್ಲಿಸಿದ್ದೆ. ಆಮೇಲೆ ಅಕ್ಕನ ಜೊತೆ ಪೂರ್ತಿ ನೋಡಿದೆ. ಅಸಹ್ಯ ಪಡುವಂಥ ದೃಶ್ಯ ಒಂದೂ ಇಲ್ಲ. ಗೊಂಬೆಯ ಹೆಸರು ಬಿಯಾಂಕಾ; ಅವಳು ದೈವಭಕ್ತೆ, ಮದುವೆಯಾಗದೆ ಒಂದೇ ಸೂರಿನಡಿ ಮಲಗುವುದು ಸರಿಯಲ್ಲ ಎಂದು ಲಾರ್ಸ್‌ನೇ ಅವಳನ್ನು ಅಣ್ಣನ ಮನೆಯಲ್ಲಿ ಉಳಿಸುತ್ತಾನೆ. ಅವನು ಇರುವುದು ಅದೇ ಹಿತ್ತಲಿನ ಗ್ಯಾರೇಜಿನಲ್ಲಿ.

2007ರ ಚಿತ್ರ, ಕ್ರೇಗ್ ಗಿಲೆಸ್ಪಿ ನಿರ್ದೇಶನ. ನ್ಯಾನ್ಸಿ ಆಲಿವರ್ ಬರೆದ ಚಿತ್ರಕಥೆ ಆಸ್ಕರ್‌ಗೆ ನಾಮನಿರ್ದೇಶನವಾಗಿತ್ತು. ಲಾರ್ಸ್ ಆಗಿ ರಯಾನ್ ಗಾಸ್ಲಿಂಗ್.

ಲಾರ್ಸ್‌ಗೆ ಯಾರಾದರೂ ಮುಟ್ಟಿದರೆ ಮೈ ಉರಿಯುತ್ತದೆ. ಹಿಮದಲ್ಲಿ ಮರಗಟ್ಟಿದ ಕಾಲು ಮನೆಯೊಳಗೆ ಬಂದು ಬೆಚ್ಚಗಾಗುವಾಗ ಆಗುತ್ತದಲ್ಲ, ಆ ಉರಿ ಎಂದು ಡಾಕ್ಟರ್ ಡ್ಯಾಗ್ಮರ್‌ಗೆ ಹೇಳುತ್ತಾನೆ. ಆಕೆ ಅವನ ತೋಳನ್ನು ಮೆಲ್ಲಗೆ ಮುಟ್ಟುತ್ತಾ, ಎಷ್ಟು ತಡೆದುಕೊಳ್ಳಬಲ್ಲ ಎಂದು ನೋಡುವ ಆ ದೃಶ್ಯ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅವನನ್ನು ಹೆರುವಾಗಲೇ ತಾಯಿ ತೀರಿಕೊಂಡಿದ್ದಾಳೆ. ಈಗ ಅತ್ತಿಗೆ ಕ್ಯಾರಿನ್ ಬಸುರಿ. ಅವನ ಭಯದ ಬೇರು ಎಲ್ಲಿದೆ ಎಂದು ಚಿತ್ರ ಎಲ್ಲೂ ಭಾಷಣ ಮಾಡದೆ ಕಾಣಿಸುತ್ತದೆ.

ಗೊಂಬೆಗೆ ಜೀವವಿಲ್ಲ ಎಂದು ವಾದಿಸಬೇಡಿ, ಅವನು ನಂಬಿದಂತೆಯೇ ನಡೆದುಕೊಳ್ಳಿ ಎನ್ನುತ್ತಾಳೆ ಡಾಕ್ಟರ್. ಊರು ಹಾಗೇ ಮಾಡುತ್ತದೆ. ಯಾರಿಗೂ ನನ್ನ ಮೇಲೆ ಕಾಳಜಿಯಿಲ್ಲ ಎಂದು ಲಾರ್ಸ್ ಒಮ್ಮೆ ಗೊಣಗಿದಾಗ ಅತ್ತಿಗೆ ಸಿಡಿದೇಳುತ್ತಾಳೆ: ಬಿಯಾಂಕಾಳ ಗಾಲಿಕುರ್ಚಿ ತಳ್ಳುವುದು, ಅವಳಿಗೆ ಬಟ್ಟೆ ತೊಡಿಸುವುದು, ಹೊತ್ತೊಯ್ದು ಮಲಗಿಸುವುದು, ಇದೆಲ್ಲ ಯಾರಿಗಾಗಿ ಅಂದುಕೊಂಡೆ? ಅತ್ತಿಗೆಯ ಪಾತ್ರ ಮಾಡಿದ ಎಮಿಲಿ ಮಾರ್ಟಿಮರ್ ಇಡೀ ಚಿತ್ರದಲ್ಲಿ ನುಂಗಿಕೊಂಡಿದ್ದ ಸಿಟ್ಟನ್ನೆಲ್ಲ ಅಲ್ಲಿ ಹೊರಗೆ ಹಾಕುತ್ತಾಳೆ. ನಾನು ಅತ್ತದ್ದು ಅಲ್ಲೇ.

ಇಷ್ಟು ಒಳ್ಳೆಯ ಊರು ಎಲ್ಲಿರುತ್ತದೆ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು, ಅದು ಚಿತ್ರದ ಕೊರತೆಯೇ. ಆದರೆ ಅಣ್ಣ ಗಸ್ ಅದನ್ನು ಸರಿದೂಗಿಸುತ್ತಾನೆ. ಅವನಿಗೆ ಈ ಗೊಂಬೆಯ ಕಥೆ ನಾಚಿಕೆ, ಸಿಟ್ಟು ಎರಡೂ ತರಿಸುತ್ತದೆ. ಕುಗ್ಗಿಹೋಗಿದ್ದ ಅಪ್ಪನ ಬಳಿ ತಮ್ಮನೊಬ್ಬನನ್ನೇ ಬಿಟ್ಟು ಮನೆಯಿಂದ ಹೊರಟುಹೋಗಿದ್ದೆ ಎಂದು ಅವನು ಒಪ್ಪಿಕೊಳ್ಳುವ ಮಾತು ನಿಜಕ್ಕೂ ತಟ್ಟುತ್ತದೆ.

ಕೊನೆ ಹೇಳುವುದಿಲ್ಲ. ಬಿಯಾಂಕಾಗೆ ತೀರಾ ಹುಷಾರಿಲ್ಲದಾಗ ಚರ್ಚಿನ ಹೆಂಗಸರು ಅಡುಗೆ ಮಾಡಿ ತಂದು, ಹೆಣಿಗೆ ಹಿಡಿದು ಲಾರ್ಸ್ ಜೊತೆ ಕೂರುವ ದೃಶ್ಯವನ್ನು ಮಾತ್ರ ಅಮ್ಮನ ಪಕ್ಕದಲ್ಲೇ ಕೂತು ನೋಡಿ. ನಾನೀಗ ಏನಾದರೂ ಮಾಡಬೇಕಾ ಎಂದು ಅವನು ಕೇಳುತ್ತಾನೆ. ಏನೂ ಬೇಡ, ನೀನು ಊಟ ಮಾಡು ಎನ್ನುತ್ತಾರೆ ಅವರು.