ಕ್ರಾಸ್ ಸುಧಾರಣೆಗೆ ಸರ್ಕಾರ ಬಾಂಡ್ ಮಾರಬಹುದೇ?

ಪ್ರಶ್ನೆ: ನಮ್ಮ ಬಡಾವಣೆಯ ರಸ್ತೆ ಕಲಬುರಗಿಯ ರಿಂಗ್ ರಸ್ತೆಗೆ ಸೇರುವಲ್ಲಿ ಸಿಗ್ನಲ್ ಇಲ್ಲ, ದಾಟುವವರಿಗೆ ನಡುವೆ ನಿಲ್ಲಲು ಜಾಗವೂ ಇಲ್ಲ. ಶಾಲೆ ಬಿಡುವ ಹೊತ್ತಿಗೇ ತೊಗರಿ ಹೇರಿದ ಲಾರಿಗಳು ಅಲ್ಲಿ ತಿರುಗುತ್ತವೆ. ಕೇಳಿದಾಗಲೆಲ್ಲ ‘ಅನುದಾನ ಇಲ್ಲ’ ಎಂಬ ಉತ್ತರ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಮಗಳು, ಅಲ್ಲಿ ರಾಜ್ಯವೇ ಬಾಂಡ್ ಮಾರಿ ಊರೂರಿನ ರಸ್ತೆಗಳಿಗೆ ಹಣ ಕೊಟ್ಟಿತ್ತು ಎನ್ನುತ್ತಾಳೆ. ನಮ್ಮಲ್ಲಿ ಏಕೆ ಆಗುವುದಿಲ್ಲ?
— ಓದುಗರು, ಹುಮನಾಬಾದ್ ರಿಂಗ್ ರಸ್ತೆ ಬಳಿ, ಕಲಬುರಗಿ

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. 2006ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ‘ಪ್ರೊಪೊಸಿಷನ್ 1ಬಿ’ ಎಂಬ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟರು. ಸಾರಿಗೆ ಕೆಲಸಗಳಿಗಾಗಿ ಸುಮಾರು 1,990 ಕೋಟಿ ಡಾಲರ್ ಮೊತ್ತದ ಬಾಂಡ್, ಅಂದರೆ ಬಡ್ಡಿ ಸಹಿತ ತೀರಿಸುವ ಸಾಲಪತ್ರ, ಹೊರಡಿಸಲು ರಾಜ್ಯಕ್ಕೆ ಅದರಿಂದ ಅಧಿಕಾರ ಸಿಕ್ಕಿತು. ಅದರಲ್ಲಿ 200 ಕೋಟಿ ಡಾಲರ್ ನಗರ ಮತ್ತು ಕೌಂಟಿಗಳ (ನಮ್ಮ ಜಿಲ್ಲೆಯಂಥವು) ಒಳರಸ್ತೆಗಳಿಗೆ ಮೀಸಲು. ಇನ್ನೂ 100 ಕೋಟಿ ಡಾಲರಿಗೆ ಒಂದು ಷರತ್ತಿತ್ತು: ರಾಜ್ಯ ಕೊಡುವಷ್ಟೇ ಹಣವನ್ನು ಸ್ಥಳೀಯ ಸಂಸ್ಥೆಯೂ ಹಾಕಬೇಕು. ಈ ಷರತ್ತು ನನಗೆ ಬಹಳ ಹಿಡಿಸುತ್ತದೆ. ತನ್ನ ತೆರಿಗೆ ಹಣ ಸೇರಿದ ಕೆಲಸವನ್ನು ಯಾವ ಊರೂ ಅರ್ಧಕ್ಕೆ ಬಿಡಲು ಒಪ್ಪುವುದಿಲ್ಲ.

ನಮ್ಮ ರಾಜ್ಯವೂ ಬಾಂಡ್ ಮಾರುತ್ತದೆ, ಪ್ರತಿ ವರ್ಷ ಮಾರುತ್ತದೆ. ರಿಸರ್ವ್ ಬ್ಯಾಂಕ್ ನಡೆಸುವ ಹರಾಜಿನಲ್ಲಿ ರಾಜ್ಯಗಳ ಸಾಲಪತ್ರಗಳು ಬಿಕರಿಯಾಗುತ್ತವೆ. ಆದರೆ ಆ ಹಣ ನೇರವಾಗಿ ರಾಜ್ಯದ ಬೊಕ್ಕಸಕ್ಕೆ ಬಂದು ಬಜೆಟ್ಟಿನಲ್ಲಿ ಬೆರೆತುಹೋಗುತ್ತದೆ. ಇಂಥ ಕ್ರಾಸಿಗೆ ಇಂತಿಷ್ಟು ಎಂದು ಅದರ ಮೇಲೆ ಬರೆದಿರುವುದಿಲ್ಲ. ಜನಮತ ಕೇಳುವ ಪದ್ಧತಿಯೂ ಇಲ್ಲ. ಸಾಲಕ್ಕೆ ಸಂವಿಧಾನದ 293ನೇ ವಿಧಿ ಮತ್ತು ರಾಜ್ಯದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಗಡಿ ಹಾಕಿವೆ.

ಇನ್ನೊಂದು ದಾರಿ, ಪಾಲಿಕೆಯೇ ಬಾಂಡ್ ಹೊರಡಿಸುವುದು. ಇದರಲ್ಲಿ ಕರ್ನಾಟಕ ಮೊದಲಿಗ ರಾಜ್ಯ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ರಾಜ್ಯ ಸರ್ಕಾರದ ಖಾತರಿಯೊಂದಿಗೆ 125 ಕೋಟಿ ರೂಪಾಯಿ ಎತ್ತಿತ್ತು. ನಮಗೆ ಹತ್ತಿರದ ಉದಾಹರಣೆ ಹೈದರಾಬಾದ್. ಅಲ್ಲಿನ ಪಾಲಿಕೆ 2018ರ ಫೆಬ್ರುವರಿಯಲ್ಲಿ ಶೇಕಡ 8.90 ಬಡ್ಡಿಗೆ 200 ಕೋಟಿ ರೂಪಾಯಿ ಸಾಲ ಪಡೆದು, ಮೇಲ್ಸೇತುವೆ, ಕೆಳಸೇತುವೆ, ಜಂಕ್ಷನ್‌ಗಳ ಯೋಜನೆಗೆ ತೊಡಗಿಸಿತು. ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 17.80 ಕೋಟಿ ರೂಪಾಯಿ ಬರಿಯ ಬಡ್ಡಿ. ಮುಂದೆ ಎತ್ತಿದ ಸಾಲದ ಕಂತುಗಳಲ್ಲಿ ಬಡ್ಡಿ ಏರುತ್ತ 2019ರಲ್ಲಿ ಶೇಕಡ 10.23 ಮುಟ್ಟಿತು. ಇದನ್ನು ತೀರಿಸುವುದು ಆಸ್ತಿ ತೆರಿಗೆಯಿಂದ. ಹೈದರಾಬಾದಿನ ತೆರಿಗೆ ವಸೂಲಿಗೂ ನಮ್ಮ ಊರಿನದಕ್ಕೂ ಹೋಲಿಕೆಯೇ ಇಲ್ಲ. ಆದ್ದರಿಂದ ಕಲಬುರಗಿ ಪಾಲಿಕೆ ಬಾಂಡ್ ಮಾರಲಿ ಎಂದು ನಾನು ಹೇಳಲಾರೆ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರಸ್ತೆ ಕೆಲಸದಲ್ಲೇ ಇದ್ದವನಾಗಿ ನನ್ನ ಅಭಿಪ್ರಾಯ ಇಷ್ಟು. ಸಾಲ ತೀರುವವರೆಗೂ ಬಾಳುವ ಕೆಲಸಕ್ಕೆ ಮಾತ್ರ ಸಾಲ ಮಾಡಬೇಕು. ಕ್ರಾಸಿನಲ್ಲಿ ಬಾಳುವುದು ಯಾವುದು? ಮೂಲೆಗೆ ಬಿಡಿಸಿಕೊಂಡ ಜಾಗ, ಚರಂಡಿ, ಸ್ಥಳಾಂತರಿಸಿದ ನೀರಿನ ಪೈಪು, ಕಲ್ಲು ಕಟ್ಟಿದ ಅಂಚು. ಮೇಲಿನ ಡಾಂಬರು ಮತ್ತು ಬಿಳಿ ಪಟ್ಟೆ ಕೆಲವೇ ವರ್ಷಗಳಲ್ಲಿ ಸವೆಯುತ್ತವೆ. ಅವಕ್ಕೆ ವರ್ಷದ ನಿರ್ವಹಣೆಯ ಹಣವೇ ಸರಿ. ಅದರಲ್ಲೂ ನಮ್ಮದು ಎರೆ ಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣಿನ ಮೇಲೆ, ಚರಂಡಿ ಮಾಡದೆ ಎಷ್ಟು ಡಾಂಬರು ಸುರಿದರೂ ಉಳಿಯುವುದಿಲ್ಲ.

ನಿಮ್ಮ ಕ್ರಾಸಿನಲ್ಲಿ ಒಂದು ಸಂಜೆ ನಿಂತು ಲಾರಿ ಎಡಕ್ಕೆ ತಿರುಗುವುದನ್ನು ಗಮನಿಸಿ. ಮುಂದಿನ ಚಕ್ರ ಹೋದ ಜಾಡಿನಲ್ಲಿ ಹಿಂದಿನ ಚಕ್ರ ಹೋಗುವುದಿಲ್ಲ, ಮೂಲೆಯ ಒಳಗೆ ಸರಿಯುತ್ತದೆ. ಮಕ್ಕಳು ನಿಲ್ಲುವುದೂ ಅದೇ ಮೂಲೆಯಲ್ಲಿ. ಅಲ್ಲೊಂದು ವಿದ್ಯುತ್ ಕಂಬವೋ ಡಬ್ಬಿ ಅಂಗಡಿಯೋ ಇದ್ದರೆ, ಬರುವ ವಾಹನ ಮಗುವಿಗೂ, ಮಗು ಚಾಲಕನಿಗೂ ಕಾಣುವುದಿಲ್ಲ. ಆ ಕಂಬವನ್ನು ಹಿಂದಕ್ಕೆ ಸರಿಸಿ, ಮೂಲೆಯ ಬಾಗನ್ನು ಲಾರಿಯ ಅಳತೆಗೆ ತಿದ್ದಿ, ರಸ್ತೆಯ ನಡುವೆ ನಾಲ್ಕು ಜನ ನಿಲ್ಲುವಷ್ಟು ಎತ್ತರಿಸಿದ ಕಟ್ಟೆ ಕಟ್ಟಿದರೆ ಅಪಾಯ ಎಷ್ಟೋ ಇಳಿಯುತ್ತದೆ. ಇದಕ್ಕೆ ಕೋಟಿಗಟ್ಟಲೆ ಬಾಂಡ್ ಬೇಕಿಲ್ಲ. ಸಿಗ್ನಲ್ಲಿನ ಮಾತು ಆಮೇಲಿನದು.

ಹಣ ಸಿಗುವ ಕಡೆಯೂ ಇದೆ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ನಿಮ್ಮ ಊರಿನಲ್ಲೇ ಇದೆ. 2023-24ರ ಬಜೆಟ್ಟಿನಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಣೆಯಾಗಿತ್ತು. ಹಣ ಬಂದಾಗ ಯಾವ ಕ್ರಾಸಿನ ನಕ್ಷೆ ಮತ್ತು ಅಂದಾಜು ಪಟ್ಟಿ ಸಿದ್ಧವಾಗಿರುತ್ತದೆಯೋ ಅದಕ್ಕೇ ಮೊದಲ ಮಂಜೂರಾತಿ. ಇದನ್ನು ನಾನು ಮೇಜಿನ ಆ ಕಡೆ ಕುಳಿತು ಕಂಡಿದ್ದೇನೆ. ಆದ್ದರಿಂದ ‘ಅನುದಾನ ಯಾವಾಗ?’ ಎಂದು ಕೇಳಬೇಡಿ. ಕೂಡುವ ಪ್ರತಿ ರಸ್ತೆ ಯಾರ ವಶದಲ್ಲಿದೆ, ಪಾಲಿಕೆಯೋ, ಲೋಕೋಪಯೋಗಿ ಇಲಾಖೆಯೋ, ಹೆದ್ದಾರಿಯವರೋ ಎಂದು ಮೊದಲು ಬರಹದಲ್ಲಿ ಕೇಳಿ. ಬಳಿಕ ವಾಹನ ಎಣಿಕೆ ಆಗಿದೆಯೇ, ನಕ್ಷೆ ಇದೆಯೇ, ಕಂಬ ಸರಿಸಲು ವಿದ್ಯುತ್ ಕಂಪನಿ ಜೆಸ್ಕಾಂನಿಂದ ಅಂದಾಜು ಪಡೆದಿದ್ದಾರೆಯೇ ಎಂದು ಕೇಳಿ. ಮಾಹಿತಿ ಹಕ್ಕಿನ ಅರ್ಜಿಗೆ ಈ ಪ್ರಶ್ನೆಗಳೇ ಸಾಕು. ಶಾಲೆಯ ಮುಖ್ಯೋಪಾಧ್ಯಾಯರ ಸಹಿಯೂ ಇರಲಿ. ಪೊಲೀಸ್ ಠಾಣೆಯಲ್ಲಿ ದಾಖಲಾದ ಅಪಘಾತಗಳ ವಿವರ ಸಿಕ್ಕರೆ ಲಗತ್ತಿಸಿ. ಕಡತ ಮೇಲೇರುವುದು ಆ ಕಾಗದದ ಬಲದಿಂದ.

ಪ್ರಶ್ನೆ: ಸರ್ಕಾರದ ಬಾಂಡ್‌ಗಳನ್ನು ನಮ್ಮಂಥ ಪಿಂಚಣಿದಾರರು ಕೊಳ್ಳಬಹುದೇ?
— ಓದುಗರು, ಬೀದರ್

ಉತ್ತರ: ಕೊಳ್ಳಬಹುದು. 2021ರ ನವೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ‘ರಿಟೇಲ್ ಡೈರೆಕ್ಟ್’ ವ್ಯವಸ್ಥೆಯಲ್ಲಿ ಖಾತೆ ತೆರೆದು, ಕನಿಷ್ಠ 10,000 ರೂಪಾಯಿಗೆ ರಾಜ್ಯದ ಸಾಲಪತ್ರ ಪಡೆಯಬಹುದು. ಖಾತೆ ತೆರೆಯಲು ಶುಲ್ಕವಿಲ್ಲ. ಆರು ತಿಂಗಳಿಗೊಮ್ಮೆ ಬಡ್ಡಿ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ, ಅದಕ್ಕೆ ಆದಾಯ ತೆರಿಗೆ ಅನ್ವಯಿಸುತ್ತದೆ. ಅವಧಿ ಸಾಮಾನ್ಯವಾಗಿ ದೀರ್ಘ. ಔಷಧಿ, ಆಸ್ಪತ್ರೆಗೆಂದು ತೆಗೆದಿಟ್ಟ ಹಣವನ್ನು ಇದರಲ್ಲಿ ಹಾಕಬೇಡಿ.