ಭತ್ತದ ರಸದಲ್ಲೇ ಇರುವ ಕಾವಲು

ಪ್ರಶ್ನೆ: ಕಳೆದ ಮುಂಗಾರಿನಲ್ಲಿ ಕಂದು ಜಿಗಿಹುಳು ಬಿದ್ದು ನಮ್ಮ ಭತ್ತದ ಗದ್ದೆ ಬೆಂಕಿ ತಗುಲಿದಂತೆ ಒಣಗಿತು, ಬದುವಿನಾಚೆ ಇದ್ದ ಬೇರೆ ತಳಿಗೆ ಅಷ್ಟು ಹಾನಿಯಾಗಲಿಲ್ಲ. ಗಿಡದಲ್ಲೇ ಕೀಟ ತಡೆಯುವ ರಾಸಾಯನಿಕಗಳಿವೆ ಎಂಬುದು ನಿಜವೇ? ಅಂಥ ತಳಿ ಹಾಕಿದರೆ ಔಷಧ ಹೊಡೆಯುವುದನ್ನು ಬಿಡಬಹುದೇ?
– ಓದುಗ ರೈತರೊಬ್ಬರು, ಸಿಂಧನೂರು ತಾಲ್ಲೂಕು

ಉತ್ತರ: ನಿಜ. ಜಿಗಿಹುಳು ಎಲೆಯನ್ನು ಕಡಿದು ತಿನ್ನುವುದಿಲ್ಲ; ನೀರಿನ ಮಟ್ಟದಿಂದ ತುಸು ಮೇಲೆ, ತೆಂಡೆಯ ಬುಡಕ್ಕೆ ಅಂಟಿ ಕುಳಿತು, ಸೂಜಿಯಂಥ ಬಾಯನ್ನು ಆಹಾರ ಸಾಗುವ ನಾಳಕ್ಕೆ ಚುಚ್ಚಿ ರಸ ಹೀರುತ್ತದೆ. ಹಾಗಾಗಿ ಆ ರಸದಲ್ಲಿ ಏನಿದೆ, ಏನಿಲ್ಲ ಎಂಬುದರ ಮೇಲೆ ಹುಳು ಅಲ್ಲಿ ನೆಲೆಸುತ್ತದೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ನಿರೋಧಕ ತಳಿಗಳ ರಸದಲ್ಲಿ ಷಾಫ್ಟೋಸೈಡ್ ಎಂಬ ಫ್ಲೇವನಾಯ್ಡ್ (ಗಿಡಗಳು ತಾವೇ ತಯಾರಿಸುವ ಒಂದು ಬಗೆಯ ರಾಸಾಯನಿಕ) ಕಂಡುಬಂದಿದ್ದು, ಅದು ಹುಳು ರಸ ಹೀರುವುದನ್ನೇ ತಗ್ಗಿಸುತ್ತದೆ. ನಮ್ಮ ದೇಶದ ಮುಡ್ಗೊ ತಳಿಯದು ಬೇರೆ ದಾರಿ: ಹೀರಲು ಹುಳುವನ್ನು ಪ್ರಚೋದಿಸುವ ಆಸ್ಪರಜಿನ್ ಎಂಬ ಅಮೈನೋ ಆಮ್ಲ ಅದರಲ್ಲಿ ಕಡಿಮೆ.

ಬಿಳಿ ಬೆನ್ನಿನ ಜಿಗಿಹುಳುವಿನ ವಿಷಯದಲ್ಲಿ ಇನ್ನೂ ಸೋಜಿಗದ ಸಂಗತಿಯಿದೆ. ಅದು ಕಾಂಡದ ಸುತ್ತಲಿನ ಎಲೆಬುಡದೊಳಗೆ ಮೊಟ್ಟೆಯಿಟ್ಟಾಗ ಜಪಾನಿನ ಕೆಲವು ತಳಿಗಳಲ್ಲಿ ಆ ಜಾಗ ನೀರುಗಟ್ಟಿದಂತಾಗಿ, ಬೆಂಜೈಲ್ ಬೆಂಜೋಯೇಟ್ ಉತ್ಪತ್ತಿಯಾಗಿ ಮೊಟ್ಟೆಗಳು ಅಲ್ಲೇ ಸಾಯುತ್ತವೆ. ಕಜ್ಜಿಗೆ ಹಚ್ಚುವ ಬಿಳಿ ಲೋಷನ್‌ನಲ್ಲಿರುವುದೂ ಇದೇ ವಸ್ತು. ಮೊಟ್ಟೆ ಬೀಳುವವರೆಗೆ ಸುಮ್ಮನಿದ್ದು, ಬಿದ್ದ ಮೇಲೆ ಗಿಡ ತನ್ನ ಔಷಧವನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂಬುದು ನನಗೆ ಈಗಲೂ ಬೆರಗಿನ ಮಾತು.

ಆದರೆ ತಳಿಯೊಂದನ್ನೇ ನಂಬಿ ಕೂರಬೇಡಿ. ಮುಡ್ಗೊದಲ್ಲಿರುವಂಥದೇ ನಿರೋಧಕ ಗುಣವಿದ್ದ ಐಆರ್ 26 ತಳಿಯನ್ನು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬೆಳೆಸಿತು. 1973ರಲ್ಲಿ ಬಿಡುಗಡೆಯಾದ ಅದಕ್ಕೆ ಎರಡು ಮೂರು ವರ್ಷಗಳಲ್ಲೇ ಹುಳು ಒಗ್ಗಿಕೊಂಡಿತು. ಯೂರಿಯಾ ಹೆಚ್ಚಾದರೆ ರಸದಲ್ಲಿ ಆಸ್ಪರಜಿನ್‌ನಂಥ ಅಮೈನೋ ಆಮ್ಲಗಳೂ ಹೆಚ್ಚುತ್ತವೆ. ಅಂದರೆ ಗಿಡ ಕಾಯ್ದುಕೊಂಡದ್ದನ್ನು ನಾವೇ ಕೈಯಾರೆ ಹುಳುವಿಗೆ ಬಡಿಸಿದಂತಾಗುತ್ತದೆ. ಗದ್ದೆ ಕಡುಹಸಿರಾಗಲೆಂದು ಮತ್ತೊಂದು ಚೀಲ ಎರಚುವ ಮೊದಲು ದಯವಿಟ್ಟು ಇದನ್ನು ನೆನೆಯಿರಿ.

ಔಷಧವನ್ನು ಪೂರ್ತಿ ಬಿಡಲು ಸಾಧ್ಯವಾಗದಿರಬಹುದು, ಆದರೆ ಖಂಡಿತ ತಗ್ಗಿಸಬಹುದು. ವಾರಕ್ಕೊಮ್ಮೆ ಗದ್ದೆಯ ನಡುವಿಗೆ ಇಳಿದು, ಬುಡವನ್ನು ಬಾಗಿಸಿ ತಟ್ಟಿ, ನೀರಿಗೆ ಬಿದ್ದ ಹುಳುಗಳನ್ನು ಎಣಿಸಿ. ಒಂದು ಬುಡಕ್ಕೆ ಹತ್ತರ ಆಸುಪಾಸು ಮುಟ್ಟುವವರೆಗೆ ಕಾಯಿರಿ. ಸಿಂಪಡಿಸಲೇಬೇಕಾದರೂ ಪೈರೆಥ್ರಾಯ್ಡ್ ಗುಂಪಿನ ಔಷಧ ಬೇಡ, ಏಕೆಂದರೆ ಅದರಿಂದ ಜಿಗಿಹುಳುವನ್ನು ತಿನ್ನುವ ಜೇಡಗಳು ಸತ್ತು ಜಿಗಿಹುಳು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ.