ಹಳೇ ಮಿಲಿಟರಿ ಲಾರಿ ಕರಿಹೊಗೆ ಬಿಡ್ತಿದೆ, ಆರೂ ನಾಜಲ್ ಬದಲಿಸಬೇಕಾ?

ಪ್ರಶ್ನೆ: ಹರಾಜಿನಲ್ಲಿ ಬಂದ ಹಳೇ ಶಕ್ತಿಮಾನ್ ಲಾರಿ ನಮ್ಮ ಹತ್ತಿರ ಇದೆ. ಫರಸಿ ಕಲ್ಲಿನ ಗಣಿಯಲ್ಲಿ ನೀರಿನ ಟ್ಯಾಂಕರ್ ಮಾಡಿಕೊಂಡಿದ್ದೇವೆ. ಎರಡು ತಿಂಗಳಿಂದ ಮಿಸ್ಸಿಂಗ್ ಹೊಡೆಯುತ್ತಿದೆ. ಟ್ಯಾಂಕ್ ತುಂಬಿಸಿ ಏರಿ ಹತ್ತಿಸಿದರೆ ಕರಿಹೊಗೆ. ಮೇಸ್ತ್ರಿ ಆರೂ ನಾಜಲ್ ಹೊಸದು ಹಾಕಿ ಅಂತಾರೆ. ಬೇರೆ ದಾರಿ ಇಲ್ವಾ?
— ಓದುಗರು, ಶಹಾಬಾದ್

ಉತ್ತರ: ಇದೆ ಸರ್. ಆರೂ ನಾಜಲ್ ಒಂದೇ ಸಲ ಕೆಡುವುದು ಅಪರೂಪ. ಮಿಸ್ಸಿಂಗ್ ಅಂದರೆ ಸಾಮಾನ್ಯವಾಗಿ ಒಂದೋ ಎರಡೋ ಸಿಲಿಂಡರ್ ಕೈಕೊಟ್ಟಿರುತ್ತವೆ. ಯಾವುದು ಅಂತ ನೀವೇ ಹುಡುಕಬಹುದು.

ಅದಕ್ಕೂ ಮೊದಲು ಏರ್ ಕ್ಲೀನರ್ ಬಿಚ್ಚಿ ನೋಡಿ. ಗಣಿಯ ಧೂಳು ನಿಮಗೆ ಗೊತ್ತೇ ಇದೆ. ಎಣ್ಣೆ ಹಾಕುವ ಥರದ ಕ್ಲೀನರ್ ಆಗಿದ್ದರೆ ತಳದಲ್ಲಿ ಕೆಸರು ಕಟ್ಟಿರುತ್ತದೆ. ಗಾಳಿ ಸಾಲದಿದ್ದರೂ ಹೊಗೆ ಕರ್ರಗೇ ಬರುತ್ತದೆ, ಬೈಗುಳ ಮಾತ್ರ ನಾಜಲ್‌ಗೆ.

ಆಮೇಲೆ ಎಂಜಿನ್ ಬಿಸಿ ಮಾಡಿ ಐಡ್ಲಿಂಗ್‌ನಲ್ಲಿ ಬಿಡಿ. ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಭಾಗವೇ ಇಂಜೆಕ್ಟರ್, ನಾಜಲ್ ಅಂದರೆ ಅದರ ತುದಿ. ಇಂಜೆಕ್ಟರ್‌ಗೆ ಬರುವ ಪೈಪಿನ ನಟ್ಟಿಗೆ ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸಿ. ಎಂಜಿನ್ ಸದ್ದು ಕುಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಅಂತ ಅರ್ಥ. ಬಿಗಿ ಮಾಡಿ ಮುಂದಿನದಕ್ಕೆ ಹೋಗಿ. ಸಡಿಲಿಸಿದರೂ ಸದ್ದು ಬದಲಾಗದ್ದು ಸಿಕ್ಕರೆ ಕಳ್ಳ ಅಲ್ಲೇ ಇದ್ದಾನೆ. ಕನ್ನಡಕ ಹಾಕಿಕೊಳ್ಳಿ, ಮುಖ ದೂರ ಇರಲಿ.

ಕಳ್ಳ ಇಂಜೆಕ್ಟರೇ ಅಂತ ಈಗಲೇ ತೀರ್ಮಾನ ಬೇಡ. ಎಂಜಿನ್ ನಿಲ್ಲಿಸಿ, ಅದನ್ನು ಬಿಚ್ಚಿ ಪಕ್ಕದ ಸಿಲಿಂಡರ್‌ಗೆ ಹಾಕಿ, ಪಕ್ಕದ್ದನ್ನು ಇಲ್ಲಿಗೆ ಹಾಕಿ. ಮಿಸ್ಸಿಂಗ್ ಅದರ ಜೊತೆ ಪಕ್ಕಕ್ಕೆ ಹೋದರೆ ಇಂಜೆಕ್ಟರ್ ತಪ್ಪು. ಅಲ್ಲೇ ಉಳಿದರೆ ವಾಲ್ವು, ಕಂಪ್ರೆಷನ್ ಅಥವಾ ಡೀಸೆಲ್ ಪಂಪಿನ ಕಡೆ ನೋಡಬೇಕು. ಹೊಸ ನಾಜಲ್ ಹಾಕಿ ಪ್ರಯೋಜನ ಇಲ್ಲ.

ಬಿಚ್ಚುವಾಗ ಅವಸರ ಬೇಡ. ಹಳೇ ಗಾಡಿಯಲ್ಲಿ ಇಂಜೆಕ್ಟರ್ ಹೆಡ್ಡಿಗೆ ಕಚ್ಚಿಕೊಂಡಿರುತ್ತದೆ. ಹಿಂದಿನ ರಾತ್ರಿಯೇ ಸುತ್ತ ಡೀಸೆಲ್ ಬಿಟ್ಟು ನೆನೆಸಿಡಿ. ಸುತ್ತಿಗೆಯಿಂದ ಅಡ್ಡ ಹೊಡೆಯಬೇಡಿ. ಪೈಪಿನ ಬಾಯಿಗೆಲ್ಲ ಕ್ಯಾಪ್ ಹಾಕಿ. ಧೂಳಿನ ಒಂದು ಕಣ ಹೊಕ್ಕರೂ ಸಾಕು, ಕೆಲಸ ಮತ್ತೆ ಮೊದಲಿಂದ.

ಇಲ್ಲಿಂದ ಮುಂದಿನದು ಡೀಸೆಲ್ ಪಂಪ್, ಇಂಜೆಕ್ಟರ್ ರಿಪೇರಿ ಮಾಡುವ ಅಂಗಡಿಯ ಕೆಲಸ. ಆರೂ ಇಂಜೆಕ್ಟರ್‌ಗೆ ಸಿಲಿಂಡರ್ ನಂಬರ್ ಚೀಟಿ ಕಟ್ಟಿ ಒಯ್ಯಿರಿ. ಕೊಟ್ಟು ಚಹಾಕ್ಕೆ ಹೋಗಬೇಡಿ, ಎದುರಿಗೇ ನಿಂತು ಟೆಸ್ಟ್ ಮಾಡಿಸಿ. ಟೆಸ್ಟರ್ ಅಂದರೆ ಹಿಡಿಕೆ ಒತ್ತುವ ಕೈಪಂಪು, ಮೇಲೊಂದು ಮೀಟರ್, ಅಷ್ಟೇ. ಯಾವ ಒತ್ತಡಕ್ಕೆ ನಾಜಲ್ ತೆರೆಯಿತು ಅನ್ನುವುದನ್ನು ಮೊದಲು ನೋಡಬೇಕು. ಆ ಅಂಕಿ ಎಂಜಿನ್‌ನಿಂದ ಎಂಜಿನ್‌ಗೆ ಬೇರೆ, ಹಾಗಾಗಿ ಗಾಡಿಯ ಮ್ಯಾನುಯಲ್‌ನಲ್ಲಿ ಇರುವುದನ್ನೇ ಹಿಡಿಯಿರಿ. ‘ಎಲ್ಲಾ ಲಾರಿಗೂ ಇಷ್ಟೇ’ ಅನ್ನುವ ಮಾತು ನಂಬಬೇಡಿ. ಆಮೇಲೆ ಅದಕ್ಕಿಂತ 20 ಬಾರ್ ಕಡಿಮೆಗೆ ಒತ್ತಿ 10 ಸೆಕೆಂಡ್ ಹಿಡಿಯಲಿ. ತುದಿಯಲ್ಲಿ ಹನಿ ಕಟ್ಟಿ ಬೀಳಬಾರದು. ಕೊನೆಗೆ ಸ್ಪ್ರೇ. ಮಂಜಿನ ಹಾಗೆ ಸಮನಾಗಿ ಬಂದು ಪಟ್ಟನೆ ಕತ್ತರಿಸಿದಂತೆ ನಿಲ್ಲಬೇಕು. ದಾರದ ಹಾಗೆ ಒಂದೇ ಧಾರೆ ಬಂದರೆ ಅದೇ ನಿಮ್ಮ ಕರಿಹೊಗೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಆ ಸ್ಪ್ರೇಗೆ ಕೈ ಒಡ್ಡಿ ನೋಡಬೇಡಿ. ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಬೆರಳೇ ಕೊಳೆಯಬಹುದು. ಹಾಗಾದರೆ ನೋವಿಲ್ಲ ಅಂತ ಕೂರದೆ ಕೂಡಲೇ ದೊಡ್ಡಾಸ್ಪತ್ರೆಗೆ ಓಡಿ, ಡೀಸೆಲ್ ಹೊಕ್ಕಿದೆ ಅಂತಲೇ ಹೇಳಿ.

ಒತ್ತಡ ಮಾತ್ರ ಕಡಿಮೆ ಇದ್ದರೆ ನಾಜಲ್ ಬದಲಿಸಬೇಕಿಲ್ಲ. ಒಳಗೆ ಶಿಮ್ ಅನ್ನುವ ತೆಳು ಲೋಹದ ಬಿಲ್ಲೆ ಹಾಕಿಯೋ ಸ್ಕ್ರೂ ತಿರುಗಿಸಿಯೋ ಸ್ಪ್ರಿಂಗ್ ಬಿಗಿ ಮಾಡುತ್ತಾರೆ. ಸ್ಪ್ರೇ ಕೆಟ್ಟಿದ್ದರೆ ಮಸಿ ತೆಗೆಸಿ ಮತ್ತೆ ಟೆಸ್ಟ್ ಮಾಡಿಸಿ. ಹಿತ್ತಾಳೆ ಬ್ರಷ್ ಮಾತ್ರ, ಸ್ಯಾಂಡ್ ಪೇಪರ್ ಬೇಡವೇ ಬೇಡ. ಒಳಗಿನ ಸೂಜಿ ಮತ್ತು ನಾಜಲ್ ಗಂಡ ಹೆಂಡತಿ ಇದ್ದ ಹಾಗೆ, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಎರಡರ ನಡುವಿನ ಸಂದು ಕೆಲವೇ ಮೈಕ್ರಾನ್. ತೊಳೆದ ಮೇಲೆ ನಾಜಲ್ ಓರೆಯಾಗಿ ಹಿಡಿದು ಸೂಜಿಯನ್ನು ಸ್ವಲ್ಪ ಎಳೆದು ಬಿಡಿ. ತನ್ನ ಭಾರಕ್ಕೇ ಮೆಲ್ಲಗೆ ಜಾರಿ ಇಳಿಯಬೇಕು. ತಡೆದು ನಿಂತರೆ ಇನ್ನೊಮ್ಮೆ ತೊಳೆಯಿರಿ. ಆಗಲೂ ನಿಂತರೆ ಆ ಒಂದು ನಾಜಲ್ ಮಾತ್ರ ಹೊಸದು ತನ್ನಿ.

ತರುವಾಗ ಹಳೇ ನಾಜಲ್ ಮೇಲೆ ಕೊರೆದ ಅಕ್ಷರ, ನಂಬರ್ ಪೂರ್ತಿ ಬರೆದುಕೊಂಡು ಹೋಗಿ. ನಮ್ಮ ಕಡೆ ಈಗಲೂ ‘ಮೈಕೋ ನಾಜಲ್’ ಅಂತಲೇ ಕೇಳುತ್ತಾರೆ, ಕಂಪನಿ ಹೆಸರು 2008ರಲ್ಲೇ ಬಾಷ್ ಆಗಿದೆ. ಜಬಲ್ಪುರದಲ್ಲಿ ತಯಾರಾದರೂ ನಿಮ್ಮ ಗಾಡಿ ಜರ್ಮನಿಯ ಮ್ಯಾನ್ ಕಂಪನಿಯ ವಿನ್ಯಾಸ. ಬೇರೆ ಲಾರಿಯ ನಾಜಲ್ ಅಳತೆಗೆ ಕೂತರೂ ಸ್ಪ್ರೇ ಬೀಳುವ ಕೋನ ಬೇರೆ ಇರಬಹುದು.

ಮರಳಿ ಕೂರಿಸುವಾಗ ತಾಮ್ರದ ವಾಷರ್ ಹೊಸದಿರಲಿ. ಒಮ್ಮೆ ನನ್ನ ಹತ್ತಿರ ಒಂದು ಲಾರಿ ಬಂತು. ಮೂರು ಸಲ ನಾಜಲ್ ಬದಲಾಗಿತ್ತು, ಹೊಗೆ ಹೋಗಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಹಳೇ ವಾಷರ್ ಮಸಿಯಲ್ಲಿ ಮುಚ್ಚಿಹೋಗಿ ತೂತಿನ ತಳದಲ್ಲೇ ಕೂತಿದೆ! ಅದರ ಮೇಲೆ ಹೊಸದು ಹಾಕುತ್ತಲೇ ಬಂದಿದ್ದರು. ನಾಜಲ್ ತುದಿ ಒಂದು ವಾಷರ್‌ನಷ್ಟು ಮೇಲೆ ನಿಂತಿತ್ತು. ಬಿಚ್ಚಿದಾಗ ಆರು ವಾಷರ್ ಲೆಕ್ಕಕ್ಕೆ ಸಿಗಬೇಕು, ಐದಾದರೆ ಒಳಗೆ ಹುಡುಕಿ.

ಜೊತೆಗೇ ಡೀಸೆಲ್ ಫಿಲ್ಟರ್ ಬದಲಿಸಿ, ಟ್ಯಾಂಕಿನ ತಳದ ನೀರು ಬಸಿಯಿರಿ. ಬ್ಯಾರಲ್‌ನಲ್ಲಿ ಡೀಸೆಲ್ ಇಟ್ಟು ಹಾಕುವವರಿಗೆ ಇದು ಜಾಸ್ತಿ ಮುಖ್ಯ. ಸೀಮೆಎಣ್ಣೆ ಬೆರೆಸುವ ಚಟ ಇದ್ದರೆ ಬಿಡಿ, ಅದರಲ್ಲಿ ಜಿಡ್ಡು ಕಡಿಮೆ, ಸೂಜಿ ಬೇಗ ಸವೆಯುತ್ತದೆ. ಫಿಲ್ಟರ್‌ನಿಂದ ಪಂಪಿನವರೆಗೆ ಏರ್ ತೆಗೆದು ಸ್ಟಾರ್ಟ್ ಮಾಡಿ. ಒಂದು ದಿನ ಓಡಿಸಿ, ಎಂಜಿನ್ ತಣ್ಣಗಾದ ಮೇಲೆ ಇಂಜೆಕ್ಟರ್ ಬುಡ ನೋಡಿ. ಸುತ್ತ ಕಪ್ಪಾಗಿ ಒದ್ದೆ ಕಂಡರೆ ಅಲ್ಲಿ ವಾಷರ್ ಸರಿಯಾಗಿ ಕೂತಿಲ್ಲ, ಅದನ್ನೊಂದು ಬಿಚ್ಚಿ ಮತ್ತೆ ಕೂರಿಸಿ.